ನೀರಿನ ದೇವರಿಗೆ ಎರಡು ಸೋರೆಬುರುಡೆ

ಜಪಾನು ದೇಶದ ಅತಿ ಹಳೆಯ ಚರಿತ್ರೆಯ ಗ್ರಂಥಗಳು ಎರಡು. 712ರಲ್ಲಿ ಮುಗಿದ ಕೊಜಿಕಿ ಒಂದು, 720ರಲ್ಲಿ ಮುಗಿದ ನಿಹೋನ್ ಶೋಕಿ ಇನ್ನೊಂದು. ನಮ್ಮ ಪುರಾಣಗಳಲ್ಲಿರುವಂತೆ ಇವುಗಳಲ್ಲಿಯೂ ದೇವರು, ದೊರೆ, ಹಾವು, ಹೊಳೆ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತವೆ. ಎರಡನೆಯ ಗ್ರಂಥದಲ್ಲಿ ನಿಂತೋಕು ಎಂಬ ಚಕ್ರವರ್ತಿಯ ಕಾಲದ್ದೆಂದು ಹೇಳಿರುವ ಒಂದು ಕಥೆಯಿದೆ. ಮಕ್ಕಳಿಗೆ ಕಥೆ ಹೇಳುವ ಅಭ್ಯಾಸವಿನ್ನೂ ಉಳಿದಿರುವ ಮನೆಗಳಲ್ಲಿ ಇದನ್ನು ಹೇಳಬಹುದು.

ಈಗಿನ ಓಸಾಕಾ ನಗರದ ಬಯಲಿನಲ್ಲಿ ಯೊದೊ ಎಂಬ ನದಿ ಹರಿಯುತ್ತದೆ. ಆ ಕಾಲಕ್ಕೆ ಬಯಲೆಲ್ಲ ಜವುಗು. ಮಳೆ ಜೋರಾದರೆ ಹೊಳೆಯ ನೀರೂ ಕಡಲಿನ ನೀರೂ ಒಂದಾಗಿ ಹೊಲ ಮನೆಗಳೆಲ್ಲ ಮುಳುಗುತ್ತಿದ್ದುವು. ಚಕ್ರವರ್ತಿ ಮಂದಾ ಎಂಬಲ್ಲಿ ದೊಡ್ಡದೊಂದು ಒಡ್ಡು ಹಾಕಿಸಿದ. ಒಡ್ಡೇನೋ ನಿಂತಿತು, ಆದರೆ ಎರಡು ಕಡೆ ಮಾತ್ರ ಎಷ್ಟು ಸಲ ಕಟ್ಟಿದರೂ ಕೊಚ್ಚಿಕೊಂಡು ಹೋಗುತ್ತಿತ್ತು. ಕನಸಿನಲ್ಲಿ ದೇವರು ಬಂದು, ಮುಸಾಶಿ ನಾಡಿನ ಕೊವಾಕುಬಿ, ಕಾವಾಚಿ ನಾಡಿನ ಕೊರೊಮೊನೊಕೊ ಎಂಬಿಬ್ಬರನ್ನು ಹೊಳೆಯ ದೇವರಿಗೆ ಒಪ್ಪಿಸಿದರೆ ಬಿರುಕು ಮುಚ್ಚಿಕೊಳ್ಳುವುದೆಂದು ಹೇಳಿತಂತೆ. ಇಬ್ಬರನ್ನೂ ಹುಡುಕಿ ತಂದರು.

ಕೊವಾಕುಬಿ ಅಳುತ್ತ ಅಳುತ್ತ ನೀರಿಗಿಳಿದು ಸತ್ತ. ಅವನ ಕಡೆಯ ಒಡ್ಡು ನಿಂತಿತು. ಕೊರೊಮೊನೊಕೊ ಬೇರೆಯೇ ಆಸಾಮಿ. ಅವನು ಎರಡು ಸೋರೆಬುರುಡೆಗಳನ್ನು ತಂದು ಹೊಳೆಗೆ ಹಾಕಿದ. ನನ್ನನ್ನು ಬೇಡಿದವನು ನಿಜವಾದ ದೇವರೇ ಆಗಿದ್ದರೆ ಈ ಬುರುಡೆಗಳನ್ನು ಮುಳುಗಿಸಿ ತೋರಿಸಲಿ, ಆಗ ನಾನೂ ಇಳಿಯುತ್ತೇನೆ, ಮುಳುಗಿಸಲಾರದ ದೇವರಿಗೆ ನಾನೇಕೆ ಪ್ರಾಣ ಕೊಡಲಿ ಎಂದು ಸವಾಲು ಹಾಕಿದ. ಸುಂಟರಗಾಳಿ ಎದ್ದಿತು, ಬುರುಡೆಗಳನ್ನು ಹಿಡಿದು ಎಳೆದಾಡಿತು. ಅವು ಅಲೆಗಳ ಮೇಲೆ ಕುಣಿಯುತ್ತ ತೇಲಿಹೋದುವೇ ಹೊರತು ಮುಳುಗಲಿಲ್ಲ. ಆತ ಸಾಯಲಿಲ್ಲ. ಸೋಜಿಗವೆಂದರೆ ಅವನ ಕಡೆಯ ಒಡ್ಡೂ ನಿಂತಿತು!

ಇದನ್ನು ಓದಿದ ಕನ್ನಡಿಗನಿಗೆ 'ಕೆರೆಗೆ ಹಾರ'ದ ಭಾಗೀರಥಿ ನೆನಪಾಗದೆ ಇರಳು. ನಮ್ಮ ಭಾಗೀರಥಿ ಕೊವಾಕುಬಿಯ ದಾರಿ ಹಿಡಿದವಳು. ಅವಳ ಕೈಗೆ ಯಾರೂ ಸೋರೆಬುರುಡೆ ಕೊಡಲಿಲ್ಲ. ರಾಜಾಜ್ಞೆಯಿಂದ ಬರೆದ ಒಂದು ಚರಿತ್ರೆಯ ಗ್ರಂಥ, ದೇವರು ಕೇಳಿದ ಬಲಿಯನ್ನು ಕೊಡದೆಯೂ ಒಡ್ಡು ನಿಂತಿತೆಂದು ಹದಿಮೂರು ಶತಮಾನಗಳ ಹಿಂದೆಯೇ ಬರೆದಿಟ್ಟಿದೆಯಲ್ಲ, ಅದು ನನಗೆ ಬಹಳ ಹಿಡಿಸಿದ ಸಂಗತಿ. ಓಸಾಕಾ ಹತ್ತಿರದ ನೆಯಾಗಾವಾ ಪಟ್ಟಣದಲ್ಲಿ ತಾಯಿಮಾ ಎಂಬ ಬಡಾವಣೆ ಈಗಲೂ ಇದೆ. ಒಡ್ಡು ಕಡಿದುಹೋದ ಸಂದು ಎಂಬರ್ಥದ ಮಾತಿನಿಂದ ಆ ಹೆಸರು ಬಂದಿತೆನ್ನುತ್ತಾರೆ.

ಜಪಾನಿನಲ್ಲಿ ನೀರಿನ ದೇವರಿಗೆ ಸುಯಿಜಿನ್ ಎಂದು ಹೆಸರು. ದೊಡ್ಡ ಗೋಪುರ, ಉತ್ಸವಮೂರ್ತಿ ಎಲ್ಲ ಕಡೆಯೂ ಇರುವುದಿಲ್ಲ. ಬಾವಿಯ ಪಕ್ಕ, ಕಾಲುವೆಯ ತೂಬಿನ ಬಳಿ, ಹೊಳೆ ತಿರುಗುವ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಅದರ ಮೇಲೆ ಎರಡಕ್ಷರ, ಅಷ್ಟೇ. ಕ್ಯೋಟೋ ನಗರದ ಉತ್ತರಕ್ಕೆ ಬೆಟ್ಟದ ಸಂದಿನಲ್ಲಿರುವ ಕಿಫುನೆ ದೇವಾಲಯದ ಮಳೆದೇವರು ಮಾತ್ರ ಅರಮನೆಯ ಮರ್ಯಾದೆ ಪಡೆದವನು. ಮಳೆ ಬೇಕಾದಾಗ ಕರಿಯ ಕುದುರೆ, ಮಳೆ ನಿಲ್ಲಬೇಕಾದಾಗ ಬಿಳಿಯ ಕುದುರೆ, ಹೀಗೆ ಆಸ್ಥಾನದಿಂದ ಕಾಣಿಕೆ ಹೋಗುತ್ತಿತ್ತು. ಕುದುರೆಗೆ ದುಡ್ಡು ಸಾಲದವರು ಹಲಗೆಯ ಮೇಲೆ ಕುದುರೆಯ ಚಿತ್ರ ಬರೆದು ಕೊಟ್ಟರು. ಇಂದು ಜಪಾನಿನ ಯಾವ ದೇವಾಲಯಕ್ಕೆ ಹೋದರೂ, ಪರೀಕ್ಷೆ ಪಾಸಾಗಲಿ, ಮದುವೆಯಾಗಲಿ ಎಂದು ಹರಕೆ ಬರೆದು ತೂಗುಹಾಕಿದ ಮರದ ಹಲಗೆಗಳು ಕಾಣುತ್ತವೆ. ಅವುಗಳ ಮೂಲ ಈ ಚಿತ್ರದ ಕುದುರೆ. ಹುಡುಗರನ್ನು ಹೊಳೆಗೆಳೆಯುವ ಕಪ್ಪಾ ಎಂಬ ಕುಳ್ಳ ಭೂತ, ಹಿಂದೊಮ್ಮೆ ದೇವರಾಗಿದ್ದು ಆಮೇಲೆ ಪದವಿ ಕಳೆದುಕೊಂಡ ಜಲದೇವತೆಯೆಂದು ಅಲ್ಲಿನ ಜಾನಪದ ಪಂಡಿತ ಯಾನಾಗಿತಾ ಕುನಿಯೊ ಅಭಿಪ್ರಾಯಪಟ್ಟಿದ್ದ. ಅದರ ನೆತ್ತಿಯ ಮೇಲೊಂದು ಬಟ್ಟಲು, ಬಟ್ಟಲಲ್ಲಿ ನೀರು. ನೀವು ತಲೆಬಾಗಿ ನಮಸ್ಕಾರ ಮಾಡಿದರೆ ಮರ್ಯಾದಸ್ಥನಾದ ಕಪ್ಪಾ ತಾನೂ ತಲೆಬಾಗುತ್ತದೆ, ನೀರು ಚೆಲ್ಲುತ್ತದೆ, ಅದರ ಶಕ್ತಿಯೆಲ್ಲ ಹೋಗುತ್ತದೆ.

ದೇವರು ಎಷ್ಟೇ ಸಣ್ಣವನಿರಲಿ, ಅವನಿಗೆ ಅಂಜಬೇಕಾದ ಕಾರಣ ಆ ದೇಶದ ನೆಲದಲ್ಲಿಯೇ ಇದೆ. ಮುಕ್ಕಾಲು ಪಾಲು ಬೆಟ್ಟ. ಅತಿ ಉದ್ದದ ನದಿಯಾದ ಶಿನಾನೊ 367 ಕಿಲೋಮೀಟರು, ನಮ್ಮ ಕೃಷ್ಣೆಯ ಕಾಲುಭಾಗ. ಬೆಟ್ಟದ ನೆತ್ತಿಯಲ್ಲಿ ಬೆಳಗ್ಗೆ ಬಿದ್ದ ಮಳೆ ಸಂಜೆಯೊಳಗೆ ಕೆಳಗಿನ ಊರಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಬರುವಾಗ ಒಂಟಿಯಾಗಿ ಬರುವುದಿಲ್ಲ. ಮಣ್ಣು, ಮರ, ಬಂಡೆ ಎಲ್ಲವನ್ನೂ ತರುತ್ತದೆ.

ಕೊಜಿಕಿಯಲ್ಲಿ ಬರುವ ಎಂಟು ತಲೆ, ಎಂಟು ಬಾಲದ ಓರೊಚಿ ಎಂಬ ಸರ್ಪದ ಕಥೆ ಪ್ರಸಿದ್ಧವಾದದ್ದು. ಪಶ್ಚಿಮದ ಇಜುಮೊ ನಾಡಿನ ಹಿಯಿ ನದಿಯ ತಲೆಯಲ್ಲಿ ಮುದುಕ ಮುದುಕಿ ಅಳುತ್ತ ಕುಳಿತಿದ್ದಾರೆ. ಎಂಟು ಹೆಣ್ಣುಮಕ್ಕಳಲ್ಲಿ ಏಳು ಮಂದಿಯನ್ನು ವರುಷಕ್ಕೊಬ್ಬಳಂತೆ ಸರ್ಪ ತಿಂದಿದೆ, ಎಂಟನೆಯವಳ ಸರದಿ ಬಂದಿದೆ. ಸುಸಾನೊ ಎಂಬ ತುಂಟ ದೇವರು ಎಂಟು ತೊಟ್ಟಿ ಮದ್ಯವಿಟ್ಟು, ಎಂಟು ತಲೆಗಳೂ ಕುಡಿದು ಮಲಗಿದಾಗ ಕಡಿದುಹಾಕಿ ಹುಡುಗಿಯನ್ನು ಮದುವೆಯಾಗುತ್ತಾನೆ. ಸರ್ಪದ ವರ್ಣನೆಯನ್ನು ಸ್ವಲ್ಪ ನಿಂತು ನೋಡಬೇಕು. ಅದರ ಮೈಮೇಲೆ ಪಾಚಿಯೂ ದೇವದಾರುಗಳೂ ಬೆಳೆದಿವೆ, ಉದ್ದ ಎಂಟು ಕಣಿವೆ ಎಂಟು ಗುಡ್ಡ, ಹೊಟ್ಟೆಯೆಲ್ಲ ಸದಾ ರಕ್ತ. ಹುಡುಗಿಯ ಹೆಸರಾದ ಕುಶಿನಾದಾ ಎಂಬುದನ್ನು ಎರಡನೆಯ ಗ್ರಂಥದಲ್ಲಿ ಅದ್ಭುತವಾದ ಭತ್ತದ ಗದ್ದೆ ಎಂಬರ್ಥ ಬರುವ ಅಕ್ಷರಗಳಲ್ಲಿ ಬರೆದಿದ್ದಾರೆ. ವರುಷಕ್ಕೊಮ್ಮೆ ಬಂದು ಗದ್ದೆಯನ್ನು ನುಂಗುವ ಎಂಟು ಕವಲಿನ ಪ್ರಾಣಿ ಪ್ರವಾಹವಲ್ಲದೆ ಮತ್ತೇನು ಎಂದು ಪಂಡಿತರು ಕೇಳುತ್ತಾರೆ. ಹೊಟ್ಟೆಯ ಕೆಂಪು, ಆ ಬೆಟ್ಟಗಳ ಕಬ್ಬಿಣದ ಮರಳಿನಿಂದ ನೀರಿಗೆ ಬಂದ ಬಣ್ಣವೆಂದು ಇನ್ನು ಕೆಲವರು ವಾದಿಸುತ್ತಾರೆ. ನನಗೆ ಮೊದಲನೆಯದು ಒಪ್ಪಿಗೆ, ಎರಡನೆಯದು ಸ್ವಲ್ಪ ಎಳೆದು ತಂದಂತೆ ಕಾಣುತ್ತದೆ. ಬೆಟ್ಟವನ್ನೇ ಕಡಿದು ಕಾಲುವೆಯಲ್ಲಿ ತೊಳೆದು ಕಬ್ಬಿಣದ ಮರಳನ್ನು ಬೇರ್ಪಡಿಸುವ ಭಾರಿ ಕೆಲಸ ಅಲ್ಲಿ ನಡೆದದ್ದು ಕಥೆ ಬರೆದು ಎಷ್ಟೋ ಶತಮಾನಗಳಾದ ಮೇಲೆ. ಆದರೆ ಆ ಕೆಲಸದಿಂದ ಆದ ಅನಾಹುತ ಮಾತ್ರ ನಿಜ. ತೊಳೆದುಬಿಟ್ಟ ಮರಳು ಹೂಳಾಗಿ ತುಂಬಿ, ಹಿಯಿ ನದಿಯ ಪಾತ್ರ ಸುತ್ತಲಿನ ಗದ್ದೆಗಳಿಗಿಂತ ಎತ್ತರಕ್ಕೆ ಏರಿತು. ಹೀಗೆ ನೆಲಕ್ಕಿಂತ ಮೇಲೆ ಹರಿಯುವ ಹೊಳೆಗೆ ಜಪಾನೀಯರು ಅಟ್ಟದ ಹೊಳೆ ಎಂಬಂಥ ಹೆಸರಿಟ್ಟಿದ್ದಾರೆ. ಅದರ ಪೂರದ ನೀರನ್ನು ಬೇರೆ ಕಡೆಗೆ ತಿರುಗಿಸುವ ಕಾಲುವೆ ಮುಗಿದದ್ದು 2013ರಲ್ಲಿ.

ಹಾವಿನ ಮಾತು ಬಂದುದರಿಂದ ಕಿಸೊ ಕಣಿವೆಗೆ ಹೋಗೋಣ. ನಾಗಾನೊ ಪ್ರಾಂತದ ಈ ಕಣಿವೆಯಲ್ಲಿ ಗುಡ್ಡ ಜರಿದು ಕಲ್ಲುಮಣ್ಣು ನೀರಿನೊಡನೆ ಧುಮುಕಿ ಬರುವುದಕ್ಕೆ ಜಾನುಕೆ ಎನ್ನುತ್ತಾರೆ. ಹಾವು ಜಾರಿ ಹೊರಬಿತ್ತು ಎಂದರ್ಥ. ಬೆಟ್ಟದೊಳಗೆ ಮಲಗಿದ್ದ ದೊಡ್ಡ ಹಾವೊಂದು ಬಿಲ ಬಿಟ್ಟು ಕಣಿವೆಗುಂಟ ಇಳಿಯಿತು ಎಂಬ ಭಾವನೆ. ಅಂಥ ಪ್ರವಾಹ ಹೋದ ದಾರಿಯ ಚಿತ್ರವನ್ನು ಕಂಡವರಿಗೆ ಈ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಹಸುರು ಬೆಟ್ಟದ ನಡುವೆ ಅಂಕುಡೊಂಕಾದ ಒಂದೇ ಬೆತ್ತಲೆ ಗೆರೆ.

ಈ ಕಣಿವೆಯ ನಾಗಿಸೊ ಎಂಬ ಊರಿನಲ್ಲಿ 1953ರ ಜುಲೈ 20ರಂದು ಹಾವು ಜಾರಿ ಮೂವರು ಸತ್ತರು. 1960ರಲ್ಲಿ ಅಲ್ಲಿ ದುಃಖಿಸುವ ತರುಣಿಯ ಪ್ರತಿಮೆಯೊಂದನ್ನು ನಿಲ್ಲಿಸಿ, ಅದರ ಬಳಿಯ ಕಲ್ಲಿನಲ್ಲಿ ಹಿರಿಯರ ಮಾತುಗಳನ್ನು ಕೆತ್ತಿಸಿದರು. ಸ್ಮಾರಕವೆಂದರೆ ಸತ್ತವರ ಗುಣಗಾನ, ಉದ್ಘಾಟಿಸಿದ ಮಂತ್ರಿಗಳ ಹೆಸರು ಎಂದು ತಿಳಿದ ನಮಗೆ ಈ ಕಲ್ಲು ಹೊಸದು. ಅದರಲ್ಲಿರುವುದು ಬದುಕಿರುವವರಿಗೆ ಬೇಕಾದ ಮಾತು. ಬಿಳಿಯ ಮಳೆ ಸುರಿದರೆ ಹಾವು ಜಾರುತ್ತದೆ, ಅಂದರೆ ಎದುರಿನ ಗುಡ್ಡ ಕಾಣದಷ್ಟು ಬೆಳ್ಳಗೆ ಮಳೆ ಹೊಯ್ದಾಗ ಎಚ್ಚರ. ಬಹು ದಿನ ಮಳೆಯಾದ ಮೇಲೆ ಹಳ್ಳದ ನೀರು ಇದ್ದಕ್ಕಿದ್ದಂತೆ ನಿಂತುಹೋದರೆ ಓಡಬೇಕು. ಮುನ್ನ ಸುಟ್ಟ ವಾಸನೆ ಬರುತ್ತದೆ. ಗುಡ್ಡದ ಮೂಗಿನ ತುದಿಯಲ್ಲಿ, ಹಳ್ಳದ ಬಾಯಲ್ಲಿ, ದೇವಾಲಯದ ಮುಂದೆ ಮನೆ ಕಟ್ಟಬಾರದು.

ಇವುಗಳಲ್ಲಿ ಒಂದೊಂದಕ್ಕೂ ಭೂಗರ್ಭಶಾಸ್ತ್ರಜ್ಞರು ಕಾರಣ ಕೊಡಬಲ್ಲರು. ಮಳೆ ಹೊಯ್ಯುತ್ತಿರುವಾಗಲೇ ಹಳ್ಳದ ನೀರು ಇಳಿದರೆ ಮೇಲೆಲ್ಲೋ ಗುಡ್ಡ ಕುಸಿದು ನೀರಿಗೆ ಕಟ್ಟೆ ಬಿದ್ದಿದೆ ಎಂದರ್ಥ. ಆ ಕಟ್ಟೆ ಒಡೆಯುವುದು ಗಳಿಗೆಯ ಮಾತು. ನೀರು ಕಡಿಮೆಯಾಯಿತೆಂದು ಸಮಾಧಾನಪಡುವವನೇ ಮೊದಲು ಹೋಗುವವನು. ಸುಟ್ಟ ವಾಸನೆ ಬಂಡೆಗೆ ಬಂಡೆ ಉಜ್ಜಿದಾಗ ಬರುವಂಥದು. ಹಳ್ಳದ ಬಾಯಿಯ ಮಟ್ಟಸವಾದ ನೆಲ ಹಿಂದಿನ ಹಾವುಗಳು ತಂದು ಸುರಿದ ಮಣ್ಣು, ಮನೆ ಕಟ್ಟಲು ಅಗದಿ ಅನುಕೂಲವಾಗಿ ಕಾಣುತ್ತದೆ. ದೇವಾಲಯದ ಮುಂದೆ ಬೇಡವೆಂದದ್ದೇಕೆ? ಅಂಥ ಅಪಾಯದ ಜಾಗದಲ್ಲಿಯೇ ದೇವರನ್ನು ಕೂರಿಸಿರುತ್ತಾರೆ ಎಂಬುದು ಒಂದು ವಿವರಣೆ. ಇಷ್ಟೆಲ್ಲ ತಿಳಿದಿದ್ದ ಊರಿನಲ್ಲಿ 2014ರ ಜುಲೈ 9ರಂದು ಮತ್ತೆ ಹಾವು ಜಾರಿತು. ಹನ್ನೆರಡು ವರುಷದ ಒಬ್ಬ ಹುಡುಗ ಸತ್ತ. ಕಲ್ಲು ಅಲ್ಲಿಯೇ ಇತ್ತು, ಅಕ್ಷರಗಳು ಮಾಸಿರಲಿಲ್ಲ.

ಅದಾದ ಆರು ವಾರಕ್ಕೆ, ಆಗಸ್ಟ್ 20ರ ಬೆಳಗಿನ ಜಾವ, ಹಿರೋಶಿಮಾ ನಗರದ ಉತ್ತರದ ಬಡಾವಣೆಗಳ ಮೇಲೆ ಗಂಟೆಗೆ ನೂರು ಮಿಲಿಮೀಟರಿನಷ್ಟು ಮಳೆ ಸುರಿದು ಗುಡ್ಡಗಳು ಒಟ್ಟಿಗೆ ಜರಿದುವು. 77 ಮಂದಿ ಸತ್ತರು. ಹೆಚ್ಚು ಸಾವಾದದ್ದು ಯಾಗಿ ಎಂಬ ಬಡಾವಣೆಯಲ್ಲಿ. ಅದರ ಹಿಂದಿನ ಅಬು ಬೆಟ್ಟದಲ್ಲಿ 1532ರಲ್ಲಿ ಕಾಗಾವಾ ಮನೆತನದ ವೀರನೊಬ್ಬ ದೊಡ್ಡ ಸರ್ಪವನ್ನು ಕೊಂದನೆಂಬ ಐತಿಹ್ಯವಿದೆ. ಸರ್ಪವನ್ನು ಕೊಂದ ಕಥೆ ಇದ್ದ ಕಡೆ ಹಿಂದೊಮ್ಮೆ ಗುಡ್ಡ ಜರಿದಿರಬಹುದೆಂದು ದುರಂತವಾದ ಮೇಲೆ ಎಲ್ಲರೂ ಹೇಳತೊಡಗಿದರು. ಹಾವು ಬಿದ್ದ ಕೆಟ್ಟ ಕಣಿವೆ ಎಂಬರ್ಥದ ಹಳೆಯ ಹೆಸರೊಂದು ಆ ಜಾಗಕ್ಕಿತ್ತು, ನಿವೇಶನ ಮಾರುವವರ ಅನುಕೂಲಕ್ಕಾಗಿ ಅದನ್ನು ಬದಲಿಸಿದರು ಎಂದು ಟೆಲಿವಿಷನ್ನಿನವರು ಪ್ರಚಾರ ಮಾಡಿದರು. ಕೇಳಲು ಚೆನ್ನಾಗಿದೆ. ಆದರೆ ಹಳೆಯ ದಾಖಲೆಗಳಲ್ಲಿ ಆ ಹೆಸರು ಕಾಣುವುದಿಲ್ಲವೆಂದು ಆಕ್ಷೇಪಿಸಿದವರೂ ಇದ್ದಾರೆ. ದುಃಖದ ದಿನಗಳಲ್ಲಿ ದಂತಕಥೆ ಬೇಗ ಹುಟ್ಟುತ್ತದೆ. ಹೆಸರು ಏನೇ ಇರಲಿ, ಸತ್ತವರಲ್ಲಿ ಹಲವರು ನಗರ ಬೆಳೆದ ಕಾಲದಲ್ಲಿ ಗುಡ್ಡದ ಬುಡಕ್ಕೆ ಬಂದು ಮನೆ ಕೊಂಡ ಕುಟುಂಬಗಳವರು. ಆ ಬೆಟ್ಟದ ಸರ್ಪ ಅವರ ಅಜ್ಜಿ ಹೇಳಿದ ಕಥೆಯಲ್ಲ.

ಇಲ್ಲಿ ನಮ್ಮ ಮಾತು ಒಂದೆರಡು ಸಾಲು. ಊರು ಬಿಟ್ಟು ಬಂದ ನಾವು ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಮನೆ ಹಿಡಿಯುವಾಗ ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಸ್ಟೇಷನ್ನು ಎಷ್ಟು ದೂರ, ಹತ್ತಿರ ಕನ್ನಡದವರು ಯಾರಿದ್ದಾರೆ ಎಂದು ವಿಚಾರಿಸುತ್ತೇವೆ. ಈ ಜಾಗದಲ್ಲಿ ಹಿಂದೆ ಏನಿತ್ತು ಎಂದು ಯಾರನ್ನು ಕೇಳುವುದು? ಕೇಳಿದರೂ ಆ ಊರಿನ ಗ್ರಾಮದೇವತೆಯ ಹೆಸರು ನಮಗೆ ತಿಳಿಯದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರು ಮಳೆಯಾದಾಗ, 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ, ತಮ್ಮ ಬೀದಿ ಹಿಂದೆ ಹೊಳೆಯದೋ ಕೆರೆಯದೋ ಆಗಿತ್ತೆಂದು ಎಷ್ಟೋ ಜನ ಮೊದಲ ಸಲ ತಿಳಿದರು.

ಜಪಾನಿನ ಸರ್ಕಾರ 2019ರಲ್ಲಿ ಮಾಡಿದ ಒಂದು ಕೆಲಸವನ್ನು ಮೆಚ್ಚಬೇಕು. ಹಿಂದಿನ ವರುಷದ ಜುಲೈನಲ್ಲಿ ಹಿರೋಶಿಮಾ ಪ್ರಾಂತದ ಸಾಕಾ ಎಂಬಲ್ಲಿ ಗುಡ್ಡ ಜರಿದು ಜನ ಸತ್ತಿದ್ದರು. ಅದೇ ಜಾಗದಲ್ಲಿ 1907ರ ಪ್ರವಾಹದಲ್ಲಿ 44 ಮಂದಿ ಸತ್ತರೆಂದು ಹೇಳುವ ಕಲ್ಲೊಂದು ನಿಂತೇ ಇತ್ತು. ಓದಿದವರು ಮಾತ್ರ ಕಡಿಮೆ. ಅಂದಿನಿಂದ ಸರ್ಕಾರದ ಭೂಪಟಗಳಲ್ಲಿ ಇಂಥ ಕಲ್ಲುಗಳಿಗೆ ಪ್ರತ್ಯೇಕ ಚಿಹ್ನೆ ಹಾಕತೊಡಗಿದ್ದಾರೆ, ಶಾಲೆ, ದೇವಾಲಯ, ಅಂಚೆಕಚೇರಿಗಳಿಗೆ ಇರುವಂತೆ.

ನಮ್ಮ ದೇಶದಿಂದಲೂ ಕೆಲವು ಜಲದೇವತೆಗಳು ಅಲ್ಲಿಗೆ ಹೋಗಿ ನೆಲಸಿದ್ದಾರೆ. 824ರಲ್ಲಿ ಬರ ಬಂದಾಗ ಕೂಕಾಯಿ ಎಂಬ ಬೌದ್ಧಾಚಾರ್ಯ ಕ್ಯೋಟೋದ ಅರಮನೆಯ ಕೊಳದ ಬಳಿ ಪ್ರಾರ್ಥಿಸಿ ಹಿಮಾಲಯದಾಚೆಯ ಅನವತಪ್ತ ಸರೋವರದ ನಾಗರಾಜನನ್ನು ಬರಮಾಡಿಕೊಂಡನೆಂದು ಹೇಳುತ್ತಾರೆ. ಅದಕ್ಕಿಂತ ಚೆಂದದ್ದು ಸರಸ್ವತಿಯ ಕಥೆ. ಸುವರ್ಣಪ್ರಭಾಸ ಸೂತ್ರದೊಡನೆ ಹೋದ ನಮ್ಮ ಸರಸ್ವತಿ ಅಲ್ಲಿ ಬೆನ್‌ಜೈತೆನ್ ಆದಳು. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಬಂತು. ವಾಸ ಮಾತ್ರ ನೀರಿನ ಬಳಿಯೇ, ಮೊದಲು ಅವಳು ನದಿಯಲ್ಲವೆ? ತೋಕಿಯೋ ನಗರದ ದಕ್ಷಿಣಕ್ಕೆ ಕಡಲ ತೀರದಲ್ಲಿ ಎನೊಶಿಮಾ ಎಂಬ ಪುಟ್ಟ ದ್ವೀಪ ಅವಳ ಪ್ರಸಿದ್ಧ ಕ್ಷೇತ್ರ. ಎದುರು ದಡದ ಸರೋವರದಲ್ಲಿ ಐದು ತಲೆಯ ನಾಗವೊಂದಿದ್ದು, ನೆರೆ ತಂದು, ಗುಡ್ಡ ಕೆಡವಿ, ಮಕ್ಕಳನ್ನು ತಿನ್ನುತ್ತಿತ್ತು. 552ರಲ್ಲಿ ಭೂಮಿ ನಡುಗಿ, ಕಡಲಿನಿಂದ ದ್ವೀಪ ಮೇಲೆದ್ದು, ಅದರ ಮೇಲೆ ದೇವಿ ಇಳಿದುಬಂದಳು. ನಾಗ ಅವಳನ್ನು ಕಂಡು ಮೋಹಿತನಾಗಿ ಮದುವೆಯಾಗೆಂದು ಕೇಳಿತು. ಮಕ್ಕಳನ್ನು ಕೊಂದವನನ್ನು ನಾನು ಒಲ್ಲೆ, ಮೊದಲು ನಡತೆ ತಿದ್ದಿಕೊ ಎಂದಳು ದೇವಿ. ಅದು ತಿದ್ದಿಕೊಂಡಿತು. ಬರದಲ್ಲಿ ಮಳೆ ತಂದಿತು, ಕಡಲಿನ ಅಲೆಯನ್ನು ಮೈಯೊಡ್ಡಿ ತಡೆಯಿತು, ಒಂದೊಂದು ಸಲವೂ ಬಡವಾಗುತ್ತ ಬಂದು ಕೊನೆಗೆ ದ್ವೀಪದ ಕಡೆ ಮುಖ ಮಾಡಿ ಬೆಟ್ಟವಾಗಿ ಮಲಗಿತು. ಕಥೆಯ ದ್ವೀಪ ಎದ್ದದ್ದು ಕೇವಲ ಕಲ್ಪನೆಯೆಂದು ತಳ್ಳಿಬಿಡುವಂತಿಲ್ಲ. 1923ರ ಮಹಾಭೂಕಂಪದಲ್ಲಿ ಎನೊಶಿಮಾ ನಿಜವಾಗಿಯೂ ಸುಮಾರು ಮೂರಡಿ ಮೇಲೆದ್ದಿತು. ಅಲೆ ಹೊಡೆಯುತ್ತಿದ್ದ ಬಂಡೆಯ ಜಗಲಿಗಳು ಒಣಗಿ ನಿಂತುವು.

ಭೂಕಂಪಕ್ಕೆ ಕಾರಣ ನೆಲದಡಿಯ ದೈತ್ಯ ಬೆಕ್ಕುಮೀನು ಎಂಬ ಕಥೆ ಓದುಗರಲ್ಲಿ ಅನೇಕರಿಗೆ ಗೊತ್ತಿರಬಹುದು, ಬೇಗ ಮುಗಿಸುತ್ತೇನೆ. ಮೀನಿಗಿಂತ ಮೊದಲು ಆ ಕೆಲಸ ನಾಗನದಾಗಿತ್ತು. ಹಳೆಯ ಭೂಪಟಗಳಲ್ಲಿ ನಾಗ ಜಪಾನನ್ನೇ ಸುತ್ತಿಕೊಂಡಿದೆ. ಮೀನಿನ ತಲೆಯ ಮೇಲೆ ಕಾಶಿಮಾ ಕ್ಷೇತ್ರದ ದೇವರು ಕಲ್ಲೊಂದನ್ನು ಒತ್ತಿ ಹಿಡಿದಿದ್ದಾನೆ. ಹತ್ತನೆಯ ತಿಂಗಳಿನಲ್ಲಿ ದೇವರುಗಳೆಲ್ಲ ಇಜುಮೊದಲ್ಲಿ ಸಭೆ ಸೇರುವುದರಿಂದ ಕಾಶಿಮಾದಲ್ಲಿ ಯಜಮಾನನಿಲ್ಲ. 1855ರಲ್ಲಿ ಎದೊ ನಗರವನ್ನು, ಅಂದರೆ ಇಂದಿನ ತೋಕಿಯೋವನ್ನು, ಕೆಡವಿದ ಭೂಕಂಪ ಸರಿಯಾಗಿ ಆ ತಿಂಗಳಿನಲ್ಲಿಯೇ ಬಂತು. ಏಳು ಸಾವಿರಕ್ಕೂ ಮೇಲ್ಪಟ್ಟು ಜನ ಸತ್ತರು. ಕೆಲವು ದಿನಗಳಲ್ಲಿಯೇ ಬೆಕ್ಕುಮೀನಿನ ಬಣ್ಣದ ಚಿತ್ರಗಳು ಬೀದಿಗೆ ಬಂದುವು. ಒಂದರಲ್ಲಿ ಜನ ಮೀನನ್ನು ಬಡಿಯುತ್ತಿದ್ದರೆ, ಇನ್ನೊಂದರಲ್ಲಿ ಬಡಗಿಗಳೂ ಗಾರೆಯವರೂ ಕೆಲಸ ಕೊಟ್ಟ ಮಹಾರಾಯನೆಂದು ಅದಕ್ಕೆ ಉಪಚಾರ ಮಾಡುತ್ತಿದ್ದಾರೆ, ಮತ್ತೊಂದರಲ್ಲಿ ಶ್ರೀಮಂತರು ಚಿನ್ನದ ನಾಣ್ಯ ಕಕ್ಕುತ್ತಿದ್ದಾರೆ. ಎರಡು ತಿಂಗಳೊಳಗೆ ಸರ್ಕಾರ ಆ ಚಿತ್ರಗಳನ್ನು ನಿಷೇಧಿಸಿತು. ಭೂಕಂಪವನ್ನು ನಿಷೇಧಿಸಲಾಗದ ಸರ್ಕಾರಗಳಿಗೆ ಅಷ್ಟಾದರೂ ಬೇಡವೆ!

ಇನ್ನು ಕಡಲು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಸತ್ತವರು, ಕಾಣೆಯಾದವರು ಒಟ್ಟು ಹದಿನೆಂಟು ಸಾವಿರಕ್ಕೂ ಹೆಚ್ಚು. ಸೆಂದಾಯಿ ನಗರದಲ್ಲಿ, ಕಡಲಿನಿಂದ ಸುಮಾರು ಐದೂವರೆ ಕಿಲೋಮೀಟರು ಒಳಗೆ, ನಾಮಿವಾಕೆ ಎಂಬ ಸಣ್ಣ ದೇವಾಲಯವಿದೆ. ಹೆಸರಿನ ಅರ್ಥ ಅಲೆ ಸೀಳಿದ್ದು. ಹಿಂದಿನ ಸುನಾಮಿಯಲ್ಲಿ ಬಿಳಿಯ ಕುದುರೆ ಏರಿ ಬಂದ ದೇವರು ಅಲೆಯನ್ನು ಎರಡಾಗಿ ಸೀಳಿದನಂತೆ. 2011ರಲ್ಲಿಯೂ ನೀರು ಅಲ್ಲಿಯವರೆಗೆ ಮುಟ್ಟಲಿಲ್ಲ. ಮರುವರುಷ ತೋಕಿಯೋದ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು ಮಿಯಾಗಿ ಪ್ರಾಂತದ ತೀರದ ಇನ್ನೂರಕ್ಕೂ ಹೆಚ್ಚು ದೇವಾಲಯಗಳನ್ನು ಲೆಕ್ಕ ಹಾಕಿ ನೋಡಿದರು. ಹೆಚ್ಚಿನವು ಉಳಿದಿದ್ದುವು. ಅದರಲ್ಲಿಯೂ ಓರೊಚಿಯನ್ನು ಕೊಂದ ಆ ಸುಸಾನೊವಿನ ಗುಡಿಗಳು ಬಹುಮಟ್ಟಿಗೆ ಪಾರಾಗಿದ್ದುವು. ಭತ್ತದ ದೇವರಾದ ಇನಾರಿಯ ಗುಡಿಗಳಿಗೆ ಪೆಟ್ಟು ಹೆಚ್ಚು. ಸುಸಾನೊ ಹುಚ್ಚುಹೊಳೆಯನ್ನೂ ಸಾಂಕ್ರಾಮಿಕವನ್ನೂ ತಡೆಯುವ ದೇವರಾದುದರಿಂದ ಜನ ಅವನನ್ನು ವಿಪತ್ತು ತಲಪದ ಎತ್ತರದಲ್ಲಿಟ್ಟಿದ್ದರು, ಇನಾರಿ ಗದ್ದೆಯ ದೇವರಾದುದರಿಂದ ತಗ್ಗಿನಲ್ಲಿಯೇ ಇದ್ದ. ತಮಾಷೆಯೆಂದರೆ ಅಲೆ ಸೀಳಿದ ನಾಮಿವಾಕೆಯೂ ಮೂಲದಲ್ಲಿ ಇನಾರಿಯ ಗುಡಿಯೇ.

ಹಾಗಾದರೆ ಹಿರಿಯರ ಮಾತೆಲ್ಲ ವೇದವಾಕ್ಯವೆ? ಅಕಿತಾ ಪ್ರಾಂತದ ಸಂಗತಿ ಕೇಳಿ. ಅಲ್ಲಿ ಹಾಚಿರೋತಾರೋ ಎಂಬ ನಾಗನ ಕಥೆ ಇದೆ. ತೊವಾದಾ ಸರೋವರದಲ್ಲಿ ವಾಸವಾಗಿದ್ದ ಈತ ಸನ್ಯಾಸಿಯೊಬ್ಬನೊಡನೆ ಏಳು ದಿನ ಕಾದಾಡಿ ಸೋತು, ಯೊನೆಶಿರೋ ಹೊಳೆಯಗುಂಟ ಕೆಳಗೋಡಿ, ಕಡಲ ಬಳಿ ಹಾಚಿರೋಗಾತಾ ಎಂಬ ಸರೋವರವನ್ನು ಮಾಡಿಕೊಂಡು ನೆಲಸಿದ. ತೊವಾದಾ ಒಂದು ಜ್ವಾಲಾಮುಖಿ. 915ರಲ್ಲಿ ಅದು ಸಿಡಿದು, ಬಿಸಿ ಬೂದಿಕೆಸರು ಅದೇ ಹೊಳೆಯ ದಾರಿಯಲ್ಲಿ ಇಳಿದು ಊರುಗಳನ್ನು ಹೂತಿತು. ಓದಾತೆ ಎಂಬಲ್ಲಿ ಚಾವಣಿ ಸಮೇತ ಹೂತುಹೋದ ಮನೆಗಳು 2015ರಲ್ಲಿ ಸಿಕ್ಕಿದುವು. ಕಥೆ ಸಾವಿರ ವರುಷ ಹಾದಿ ತಪ್ಪಲಿಲ್ಲ. ಆದರೆ ಅದೇ ಪ್ರಾಂತದಲ್ಲಿ, ಪಶ್ಚಿಮದ ಕಡಲಿಗೆ ಸುನಾಮಿ ಬರುವುದಿಲ್ಲ, ನೆಲ ನಡುಗಿದರೆ ಕಡಲ ದಂಡೆಗೆ ಓಡಿ ಎಂಬ ಮಾತೂ ಪ್ರಚಾರದಲ್ಲಿತ್ತು. 1983ರ ಮೇ 26ರಂದು ಅಲ್ಲಿ ಭೂಕಂಪವಾಯಿತು. ಮಲೆನಾಡಿನ ಶಾಲೆಯೊಂದರ ಮಕ್ಕಳು ಕಡಲು ನೋಡಲು ಪ್ರವಾಸ ಬಂದು ದಂಡೆಯಲ್ಲಿ ಬುತ್ತಿ ಬಿಚ್ಚುವ ಸಮಯ. ಸುನಾಮಿಯಲ್ಲಿ ಹದಿಮೂರು ಮಕ್ಕಳು ಹೋದರು. ಆ ದಿನ ಸತ್ತ 104 ಮಂದಿಯಲ್ಲಿ ನೂರು ಮಂದಿಯನ್ನು ಕೊಂದದ್ದು ನಡುಗಿದ ನೆಲವಲ್ಲ, ಬರುವುದಿಲ್ಲವೆಂದು ನಂಬಿದ್ದ ಅಲೆ. ಹಾಚಿರೋತಾರೋವಿನ ಸರೋವರವನ್ನು 1957ರಿಂದ ಬತ್ತಿಸಿ ಗದ್ದೆ ಮಾಡಿದ್ದರು. ಅದರ ಸುತ್ತಲಿನ ಒಡ್ಡುಗಳೂ ಅಂದು ಕುಸಿದು ತಗ್ಗಿದುವು.

ದೇವರ ಹೆಸರಿನಲ್ಲಿ ಒಡ್ಡು ಕಾಯುವ ಒಂದು ಪದ್ಧತಿಯನ್ನು ಹೇಳಿ ಮುಗಿಸುತ್ತೇನೆ. ಫೂಜಿ ಪರ್ವತದ ಉತ್ತರಕ್ಕೆ ಕೋಫು ಎಂಬ ಬಟ್ಟಲಿನಂಥ ಬಯಲಿದೆ. 1542ರಲ್ಲಿ ಅಲ್ಲಿ ದೊಡ್ಡ ನೆರೆ ಬಂದಾಗ ತಾಕೆದಾ ಶಿಂಗೆನ್ ಎಂಬ ಸರದಾರ ಹೊಳೆಗೆ ಒಡ್ಡು ಕಟ್ಟಿಸಲು ಹೊರಟ. ಸುಮಾರು ಇಪ್ಪತ್ತು ವರುಷದ ಕೆಲಸ. ಅವನ ಜಾಣತನವೆಂದರೆ ಹೊಳೆಯೊಡನೆ ಜಗಳಕ್ಕೆ ನಿಲ್ಲಲಿಲ್ಲ. ಉಪನದಿಯ ರಭಸವನ್ನು ಬಂಡೆಯ ಗೋಡೆಗೆ ತಿರುಗಿಸಿ ಮುರಿದ. ಒಡ್ಡನ್ನು ಒಂದೇ ಸಮನೆ ಕಟ್ಟದೆ ನಡುನಡುವೆ ಸಂದು ಬಿಟ್ಟ. ನೆರೆ ಬಂದಾಗ ನೀರು ಆ ಸಂದುಗಳಲ್ಲಿ ಹಿಂದಕ್ಕೆ ಮೆಲ್ಲನೆ ಹರಡಿ, ಇಳಿದ ಮೇಲೆ ತಾನಾಗಿ ಹೊಳೆಗೆ ಮರಳುತ್ತದೆ. ಒಡ್ಡಿನ ಬಳಿ ಬಂದು ಮನೆ ಮಾಡಿದವರಿಗೆ ಮನೆಕಂದಾಯ ಮಾಫಿ. ಒಡ್ಡು ಕಾಯುವವರು ಅಲ್ಲಿಯೇ ಇರಬೇಕಲ್ಲ. ಆ ಊರಿನ ಹೆಸರು ರ್ಯೂಓ, ನಾಗರಾಜ ಎಂದರ್ಥ.

ಪ್ರತಿವರುಷ ಏಪ್ರಿಲ್ 15ರಂದು ಮೂರು ದೇವಾಲಯಗಳ ಪಲ್ಲಕ್ಕಿಗಳು ಬಲು ದೂರದಿಂದ ಈ ಒಡ್ಡಿಗೆ ಬರುತ್ತವೆ. ಅವುಗಳಲ್ಲಿ ಮುಖ್ಯವಾದ ಪಲ್ಲಕ್ಕಿಯ ದೇವತೆ ಹೆಣ್ಣಾದುದರಿಂದ ಹೊರುವ ಗಂಡಸರು ಮುಖಕ್ಕೆ ಬಣ್ಣ ಹಚ್ಚಿ ಹೆಂಗಸರ ಕೆಂಪು ನಿಲುವಂಗಿ ತೊಟ್ಟಿರುತ್ತಾರೆ. ಒಡ್ಡಿನ ಮೇಲೆ ಬಂದಾಗ ಅವರು ಸುಮ್ಮನೆ ನಡೆಯುವುದಿಲ್ಲ. ಕೂಗು ಹಾಕುತ್ತ, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಮಣ್ಣನ್ನು ಬಲವಾಗಿ ತುಳಿಯುತ್ತ ಸಾಗುತ್ತಾರೆ. ನೋಡಬಂದ ಜನರೂ ಒಡ್ಡಿನ ಮೇಲೆಲ್ಲ ಓಡಾಡುತ್ತಾರೆ. ಚಳಿಗಾಲದಲ್ಲಿ ಸಡಿಲವಾದ ಮಣ್ಣು ಗಟ್ಟಿಯಾಗುತ್ತದೆ, ಎಲ್ಲಿ ಬಿರುಕು, ಎಲ್ಲಿ ಇಲಿಬಿಲ ಎಂಬುದು ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಅಲ್ಲಿ ಮಳೆಗಾಲ ಹಿಡಿಯುವುದು ಜೂನ್ ತಿಂಗಳಿನಲ್ಲಿ.